ಆಂಶಿಕ ಭಿನ್ನರಾಶಿ: ಅ, ಬ ಬೆಲೆ ಸರಿ ಬಂದರೂ ಅನುಕಲನ ತಪ್ಪುವುದೇಕೆ?

ಪಿಯು_ದ್ವಿತೀಯ
ಕನ್ನಡ ಕೀಲಿಮಣೆಯಲ್ಲೇ ಬರೆಯುತ್ತಿರುವುದರಿಂದ ಎಕ್ಸ್ ಬದಲು ಯ, ಡಿಎಕ್ಸ್ ಬದಲು ಡಯ ಎಂದು ಓದಿಕೊಳ್ಳಿ. ಕಂಡುಹಿಡಿಯಬೇಕಾದ ಸ್ಥಿರಾಂಕಗಳು ಅ, ಬ, ಕ. ಅನುಕಲನದ ಸ್ಥಿರಾಂಕ ಸ್ಥಿ.

ಲೆಕ್ಕ: ∫ (2ಯ² + 3)/(ಯ² − ಯ − 2) ಡಯ

ಛೇದ (ಯ − 2)(ಯ + 1). ಆದ್ದರಿಂದ ಇದನ್ನು ಸರಳ ಭಿನ್ನರಾಶಿಗಳ ಮೊತ್ತವಾಗಿ (ಆಂಶಿಕ ಭಿನ್ನರಾಶಿಗಳಾಗಿ) ಒಡೆಯಲು ಅ/(ಯ − 2) + ಬ/(ಯ + 1) ಎಂದಿಟ್ಟು
2ಯ² + 3 = ಅ(ಯ + 1) + ಬ(ಯ − 2)
ಯ = 2 ಹಾಕಿದರೆ ಅ = 11/3. ಯ = −1 ಹಾಕಿದರೆ ಬ = −5/3.
ತಾಳೆ ನೋಡಲು ಯ = 0 ಹಾಕಿದರೆ ಮೂಲ ಭಿನ್ನರಾಶಿ −3/2 ಕೊಡುತ್ತದೆ, ಒಡೆದದ್ದು −7/2 ಕೊಡುತ್ತದೆ. ಪುಸ್ತಕದ ಉತ್ತರದಲ್ಲಿ ಅದೇ 11/3, ಅದೇ −5/3 ಇವೆ. ಜೊತೆಗೆ 2ಯ ಎಂಬ ಪದ ಇದೆ. ಅದು ಎಲ್ಲಿಂದ ಬಂತು?

ಶೇಷಭಾಗ
ನಿಮ್ಮ ಅ, ಬ ಎರಡೂ ಸರಿ. ತಪ್ಪು ಇರುವುದು ಅದಕ್ಕೂ ಮೊದಲಿನ ಸಾಲಿನಲ್ಲಿ. ಅಂಶದ ಘಾತ 2, ಛೇದದ ಘಾತವೂ 2. ಅಂದರೆ ಇದು ವಿಷಮ ಭಿನ್ನರಾಶಿ. 17/5 ಅನ್ನು 3 ಪೂರ್ಣಾಂಕ 2/5 ಎಂದು ಬರೆಯುತ್ತೇವಲ್ಲ, ಇಲ್ಲೂ ಮೊದಲು ಭಾಗಿಸಿ ಪೂರ್ಣ ಭಾಗವನ್ನು ಹೊರತೆಗೆಯಬೇಕು:

2ಯ² + 3 = 2(ಯ² − ಯ − 2) + (2ಯ + 7)

ಭಾಗಲಬ್ಧ 2, ಶೇಷ 2ಯ + 7. ಈಗ ಒಡೆಯಬೇಕಾದದ್ದು (2ಯ + 7)/((ಯ − 2)(ಯ + 1)) ಮಾತ್ರ. ಯ = 2 ಹಾಕಿದರೆ ಅ = 11/3, ಯ = −1 ಹಾಕಿದರೆ ಬ = 5/(−3). ಉತ್ತರ:

2ಯ + (11/3) ಲಾಗ್|ಯ − 2| − (5/3) ಲಾಗ್|ಯ + 1| + ಸ್ಥಿ

ನಿಮ್ಮ ತಾಳೆಯಲ್ಲಿ −3/2ಕ್ಕೂ −7/2ಕ್ಕೂ ಇರುವ ವ್ಯತ್ಯಾಸ ಸರಿಯಾಗಿ 2. ಕೈಬಿಟ್ಟುಹೋದ ಭಾಗಲಬ್ಧವೇ ಅದು. ಭಾಗಿಸದಿದ್ದರೂ ಅ, ಬ ಸರಿ ಬಂದದ್ದಕ್ಕೆ ಕಾರಣ ಇದೆ: ಯ = 2 ಆಗಲಿ ಯ = −1 ಆಗಲಿ ಹಾಕಿದಾಗ 2(ಯ − 2)(ಯ + 1) ಸೊನ್ನೆಯಾಗುತ್ತದೆ, ಆದ್ದರಿಂದ ಆ ಎರಡು ಬೆಲೆಗಳಲ್ಲಿ 2ಯ² + 3 ಮತ್ತು 2ಯ + 7 ಒಂದೇ. ಹಾಗಾಗಿಯೇ ಈ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಆದರೆ ನಿಮ್ಮ ಸಮೀಕರಣವನ್ನೇ ಇನ್ನೊಮ್ಮೆ ನೋಡಿ. ಎಡಬದಿಯಲ್ಲಿ ಯ² ಇದೆ, ಬಲಬದಿಯಲ್ಲಿ ಇಲ್ಲ. ಅದು ಎರಡು ಬಿಂದುಗಳಲ್ಲಿ ಮಾತ್ರ ನಿಜವಾಗುವ ಸಮೀಕರಣ. ನಮಗೆ ಬೇಕಾದದ್ದು ಎಲ್ಲ ಬೆಲೆಗಳಿಗೂ ನಿಜವಾಗುವ ನಿತ್ಯಸಮೀಕರಣ.

ಮಲಪ್ರಭೆ
ಶೇಷಭಾಗ ಸರ್ ಹೇಳಿದ್ದು ಖರೇ ಐತ್ರಿ. ಘಾತ ನೋಡೂದು ಮೊದಲು, ಅಪವರ್ತನ ಆಮ್ಯಾಲೆ, ಅ ಬ ಕ ಬರಿಯೂದು ಕಡೀಕ. ಪಠ್ಯದ ಕೋಷ್ಟಕದಾಗ ಐದು ರೂಪ ಕೊಟ್ಟಾರ, ಆದ್ರ ಆ ಐದೂ ಸಮ ಭಿನ್ನರಾಶಿಗೆ (ಅಂಶದ ಘಾತ ಛೇದಕ್ಕಿಂತ ಕಡಿಮಿ ಇದ್ದದ್ದಕ್ಕ) ಮಾತ್ರ ನೋಡ್ರಿ. ಆ ಷರತ್ತು ಬಿಟ್ಟು ಬರೇ ಕೋಷ್ಟಕ ಬಾಯಿಪಾಠ ಮಾಡಿದ್ರ ಹಿಂಗ ಆಗತೈತಿ.

ಇನ್ನೊಂದು ಮಾತು. ಅಂಶದ ಘಾತ ಛೇದಕ್ಕಿಂತ ಒಂದೇ ಹೆಚ್ಚಿದ್ರೂ ಭಾಗಾಕಾರ ಪೂರ್ತಿ ಮಾಡ್ರಿ. ಯ³/(ಯ² − 1) ಅಂದ್ರ ಯ + ಯ/(ಯ² − 1). ಈ ಎರಡನೇ ಪದಕ್ಕ ಆಂಶಿಕ ಭಿನ್ನರಾಶಿ ಬ್ಯಾಡೇ ಬ್ಯಾಡ, ಛೇದದ ಅವಕಲನ 2ಯ ಮ್ಯಾಲೇ ಕುಂತೈತಿ: ½ ಲಾಗ್|ಯ² − 1|.

ಪಿಯು_ದ್ವಿತೀಯ
ಅರ್ಥವಾಯಿತು, ಸರ್. ಮೇಡಂ, ಭಾಗಾಕಾರದ ಮಾತೂ ನೆನಪಿಟ್ಟುಕೊಳ್ಳುತ್ತೇನೆ. ಛೇದದಲ್ಲಿ ವರ್ಗ ಇದ್ದರೆ? (3ಯ + 1)/((ಯ − 1)²(ಯ + 2)) ಎಂಬುದಕ್ಕೆ ಅ/(ಯ − 1)² + ಬ/(ಯ + 2) ಸಾಕಾಗುವುದಿಲ್ಲವೇ? (ಯ − 1)ರ ಪದವನ್ನು ಬೇರೆಯಾಗಿ ಯಾಕೆ ಬರೆಯಬೇಕು?

ಶೇಷಭಾಗ
ಎಣಿಸಿ ನೋಡಿ. ಛೇದದ ಘಾತ 3. ಅಂಶ ಅದಕ್ಕಿಂತ ಕಡಿಮೆ ಘಾತದ್ದು, ಅಂದರೆ ಯ², ಯ, ಸ್ಥಿರ ಪದ ಎಂದು ಮೂರು ಸಹಗುಣಕಗಳಿಗೆ ಅವಕಾಶವಿದೆ. ಮೂರು ಷರತ್ತುಗಳನ್ನು ಎರಡು ಅಜ್ಞಾತಗಳಿಂದ ಪೂರೈಸಲು ಸಾಮಾನ್ಯವಾಗಿ ಆಗುವುದಿಲ್ಲ. ಛೇದದ ಘಾತ ಎಷ್ಟೋ ಸ್ಥಿರಾಂಕಗಳೂ ಅಷ್ಟೇ ಇರಬೇಕು. ರೂಪ ಬರೆದ ಕೂಡಲೇ ಇದನ್ನು ಎಣಿಸುವುದು ಒಳ್ಳೆಯ ರೂಢಿ. ಕಡಿಮೆ ಬಂದರೆ ಒಂದು ಪದ ಬಿಟ್ಟುಹೋಗಿದೆ. ಅ/(ಯ − 1) + ಬ/(ಯ − 1) ಎಂದು ಬರೆದಿದ್ದರೆ ಎಣಿಕೆಗೆ ಎರಡು, ನಿಜದಲ್ಲಿ ಒಂದೇ.

(3ಯ + 1)/((ಯ − 1)²(ಯ + 2)) = ಅ/(ಯ − 1) + ಬ/(ಯ − 1)² + ಕ/(ಯ + 2)

ಇಲ್ಲಿ ಮುಚ್ಚಿ ಬೆಲೆ ಹಾಕುವ ವಿಧಾನ ಎರಡು ಕಡೆ ನಡೆಯುತ್ತದೆ. ಇದನ್ನು ಬಳಕೆಗೆ ತಂದ ವಿದ್ಯುತ್ ಎಂಜಿನಿಯರ್ ಆಲಿವರ್ ಹೆವಿಸೈಡ್ ಹೆಸರಿನಲ್ಲೇ ಅದನ್ನು ಕರೆಯುತ್ತಾರೆ. (ಯ − 1)² ಮುಚ್ಚಿ ಉಳಿದದ್ದಕ್ಕೆ ಯ = 1 ಹಾಕಿ: ಬ = 4/3. (ಯ + 2) ಮುಚ್ಚಿ ಯ = −2 ಹಾಕಿ: ಕ = −5/9. ಅ ಮಾತ್ರ ಹೀಗೆ ಸಿಗುವುದಿಲ್ಲ. (ಯ − 1) ಒಂದನ್ನೇ ಮುಚ್ಚಿದರೆ ಛೇದದಲ್ಲಿ ಇನ್ನೊಂದು (ಯ − 1) ಉಳಿದು ಸೊನ್ನೆಯಿಂದ ಭಾಗಿಸಿದಂತಾಗುತ್ತದೆ. ಪುನರಾವರ್ತಿತ ಅಪವರ್ತನದಲ್ಲಿ ಅತಿ ಹೆಚ್ಚಿನ ಘಾತದ ಪದಕ್ಕಷ್ಟೇ ಈ ವಿಧಾನ. ಅ ಬೇಕಾದರೆ ಯ² ಸಹಗುಣಕ ಹೋಲಿಸಿ: ಅ + ಕ = 0, ಆದ್ದರಿಂದ ಅ = 5/9.

ಯ = 0 ತಾಳೆ: −5/9 + 4/3 − 5/18 = 1/2. ಮೂಲವೂ 1/2.

ಅನುಕಲನ: (5/9) ಲಾಗ್|ಯ − 1| − 4/(3(ಯ − 1)) − (5/9) ಲಾಗ್|ಯ + 2| + ಸ್ಥಿ

ಮಧ್ಯದ ಪದವನ್ನು ಲಾಗ್|(ಯ − 1)²| ಎಂದು ಬರೆಯುವುದು ತುಂಬ ಸಾಮಾನ್ಯವಾದ ತಪ್ಪು. (ಯ − 1)⁻² ಘಾತದ ಸೂತ್ರಕ್ಕೆ ಸೇರಿದ್ದು. ಲಾಗ್ ಬರುವುದು ಘಾತ −1 ಇದ್ದಾಗ ಮಾತ್ರ.

ಹೇಮಾವತಿ_ತೀರ
ಒಂದು ಬೆಲೆ ಹಾಕಿ ತಾಳೆ ನೋಡುವುದರ ಜೊತೆಗೆ ಇನ್ನೊಂದು ತಾಳೆ ಇದೆ. ಕಾಗದ ಪೆನ್ನು ಬೇಡ, ಕಣ್ಣಲ್ಲೇ ಆಗುತ್ತದೆ.

ಸಮ ಭಿನ್ನರಾಶಿಯನ್ನು ಯದಿಂದ ಗುಣಿಸಿ, ಯ ಬಹಳ ದೊಡ್ಡದಾದರೆ ಏನಾಗುತ್ತದೆ ನೋಡಿ. ಅ/(ಯ − 1) ಎಂಬುದು ಅ ಕಡೆಗೆ ಹೋಗುತ್ತದೆ, ಬ/(ಯ − 1)² ಸೊನ್ನೆಯ ಕಡೆಗೆ ಹೋಗುತ್ತದೆ. ಹಾಗಾಗಿ:

ಛೇದದ ಘಾತ ಅಂಶದ ಘಾತಕ್ಕಿಂತ 2 ಅಥವಾ ಹೆಚ್ಚು ದೊಡ್ಡದಾಗಿದ್ದರೆ ಲಾಗ್‌ಗಳ ಮುಂದಿನ ಸಹಗುಣಕಗಳ ಮೊತ್ತ 0. ಸರಿಯಾಗಿ 1 ದೊಡ್ಡದಾಗಿದ್ದರೆ ಆ ಮೊತ್ತ ಅಂಶ, ಛೇದಗಳ ಅಗ್ರ ಸಹಗುಣಕಗಳ (ಅತಿ ಹೆಚ್ಚಿನ ಘಾತದ ಪದಗಳ ಸಹಗುಣಕಗಳ) ಅನುಪಾತಕ್ಕೆ ಸಮ.

ಮೇಲಿನ ಲೆಕ್ಕ: 5/9 − 5/9 = 0. ಮೊದಲ ಲೆಕ್ಕದಲ್ಲಿ ಶೇಷ 2ಯ + 7, ಛೇದ ಯ²ದಿಂದ ಶುರು: 11/3 − 5/3 = 2. ಎರಡೂ ಕೂಡಿಬಂದಿವೆ. ಲಾಗ್ ಒಳಗೆ ಎರಡನೇ ಘಾತದ ಪದವಿದ್ದರೆ ಅದರ ಸಹಗುಣಕವನ್ನು 2ರಿಂದ ಗುಣಿಸಿ ಕೂಡಿಸಿ.

ಈ ತಾಳೆಗೆ ಮಿತಿಯೂ ಇದೆ. ವರ್ಗದ ಮೇಲಿನ ಬ ತಪ್ಪಿದ್ದರೆ ಇದು ಹಿಡಿಯುವುದಿಲ್ಲ. ಅದಕ್ಕೆ ಯ = 0 ತಾಳೆಯೇ ಬೇಕು.

ಬಯಲುಸೀಮೆ_ಗಣಿತ
ಒಡೆಯಲಾಗದ ವರ್ಗ ಪದಗಳ ವಿಷಯ ಇನ್ನೂ ಬಂದಿಲ್ಲ. ಹೆಚ್ಚು ಅಂಕ ಹೋಗುವುದು ಅಲ್ಲೇ, ಆದ್ದರಿಂದ ಒಂದನ್ನು ಪೂರ್ತಿ ಮಾಡುತ್ತೇನೆ.

∫ (3ಯ² + 5ಯ)/((ಯ − 1)(ಯ² + 2ಯ + 5)) ಡಯ

ಯ² + 2ಯ + 5ರ ಶೋಧಕ (ಯ ಸಹಗುಣಕದ ವರ್ಗದಿಂದ, ಯ² ಸಹಗುಣಕ ಮತ್ತು ಸ್ಥಿರ ಪದಗಳ ಗುಣಲಬ್ಧದ 4 ಪಟ್ಟನ್ನು ಕಳೆದದ್ದು) 4 − 20 = −16. ಋಣ, ಆದ್ದರಿಂದ ವಾಸ್ತವ ಸಂಖ್ಯೆಗಳಲ್ಲಿ ಇದು ಒಡೆಯುವುದಿಲ್ಲ. ಅದರ ಮೇಲೆ ಬರೇ ಸ್ಥಿರಾಂಕ ಇಟ್ಟರೆ ಸಾಲದು, ಬ·ಯ + ಕ ಬೇಕು. ಶೇಷಭಾಗ ಸರ್ ಹೇಳಿದ ಎಣಿಕೆಯೇ ಇದನ್ನು ತೋರಿಸುತ್ತದೆ: ಘಾತ 3, ಸ್ಥಿರಾಂಕ 3.

(ಯ − 1) ಮುಚ್ಚಿ ಯ = 1: ಅ = 8/8 = 1
ಯ² ಸಹಗುಣಕ: ಅ + ಬ = 3, ಬ = 2
ಸ್ಥಿರ ಪದ: 5ಅ − ಕ = 0, ಕ = 5
ಬಳಸದೆ ಉಳಿದ ಯ ಸಹಗುಣಕವೇ ತಾಳೆ: 2ಅ − ಬ + ಕ = 2 − 2 + 5 = 5. ಸರಿ.

ಉಳಿದದ್ದು (2ಯ + 5)/(ಯ² + 2ಯ + 5). ಇದನ್ನು ಅನುಕಲಿಸಲು ಅಂಶದಲ್ಲಿ ಮೊದಲು ಛೇದದ ಅವಕಲನವನ್ನು ಬಿಡಿಸಿಕೊಳ್ಳಬೇಕು: 2ಯ + 5 = (2ಯ + 2) + 3. ಮೊದಲ ಭಾಗ ಲಾಗ್(ಯ² + 2ಯ + 5). ಎರಡನೇ ಭಾಗಕ್ಕೆ ಛೇದವನ್ನು ಪೂರ್ಣ ವರ್ಗ ಮಾಡಿ: 3/((ಯ + 1)² + 2²), ಇದರ ಅನುಕಲನ (3/2) ಟ್ಯಾನ್⁻¹((ಯ + 1)/2). ಒಟ್ಟು:

ಲಾಗ್|ಯ − 1| + ಲಾಗ್(ಯ² + 2ಯ + 5) + (3/2) ಟ್ಯಾನ್⁻¹((ಯ + 1)/2) + ಸ್ಥಿ

ಸಾಮಾನ್ಯವಾಗಿ ಜಾರುವ ಜಾಗ ಟ್ಯಾನ್⁻¹ ಮುಂದಿನ 1/2. 4 ಎಂಬುದು 2², ಆದ್ದರಿಂದ 1/4 ಅಲ್ಲ, 1/2. ಹೇಮಾವತಿ ಅವರ ತಾಳೆ: 1 + 2×1 = 3, ಅಗ್ರ ಸಹಗುಣಕಗಳ ಅನುಪಾತವೂ 3.

ಶೋಧಕ ಧನವಾಗಿದ್ದು ಪೂರ್ಣ ವರ್ಗ ಸಂಖ್ಯೆ ಆಗದಿದ್ದರೆ ಟ್ಯಾನ್⁻¹ ಬರುವುದಿಲ್ಲ, ಎಚ್ಚರ. ಯ² + 2ಯ − 1ರ ಶೋಧಕ 8. ಅಪವರ್ತನಗಳಲ್ಲಿ √2 ಬರುತ್ತದೆ, ಆದರೂ ಒಡೆಯುತ್ತದೆ: 1/(ಯ² + 2ಯ − 1)ರ ಅನುಕಲನ (1/(2√2)) ಲಾಗ್|(ಯ + 1 − √2)/(ಯ + 1 + √2)|. ಪೂರ್ಣಾಂಕ ಮೂಲ ಸಿಗಲಿಲ್ಲ ಎಂಬುದು ಒಡೆಯಲಾಗದು ಎಂಬುದಕ್ಕೆ ಸಾಕ್ಷಿಯಲ್ಲ.

ಪಿಯು_ದ್ವಿತೀಯ
ಹಾಗಾದರೆ 1/(ಯ⁴ + 1)? ಯ⁴ + 1 ಎಂದೂ ಸೊನ್ನೆಯಾಗುವುದಿಲ್ಲ. ಇದನ್ನು ಒಡೆಯಲಾಗದು ಎಂದೇ ಬಿಡಬೇಕೇ?

ಶೇಷಭಾಗ
ಒಳ್ಳೆಯ ಪ್ರಶ್ನೆ. ಇದೇ ಜಾಗದಲ್ಲಿ ಗಣಿತಜ್ಞ ಲೈಬ್ನಿಟ್ಸ್ ಕೂಡ ಎಡವಿದ್ದರು. ಭಾಗಲಬ್ಧ ಫಂಕ್ಷನ್‌ಗಳನ್ನು (ಒಂದು ಬಹುಪದವನ್ನು ಇನ್ನೊಂದರಿಂದ ಭಾಗಿಸಿದ ರೂಪಗಳನ್ನು) ಹೀಗೆ ಒಡೆದು ಅನುಕಲಿಸುವ ಬಗ್ಗೆ 1702ರಲ್ಲಿ ಅವರೂ ಯೋಹಾನ್ ಬರ್ನೂಲಿಯೂ ಪ್ರಕಟಿಸಿದರು. ನಾಲ್ಕನೇ ಘಾತದ ಈ ರೂಪ ಲಾಗ್, ಟ್ಯಾನ್⁻¹ಗಳಿಗೆ ಇಳಿಯುವುದಿಲ್ಲ ಎಂದು ಲೈಬ್ನಿಟ್ಸ್ ಭಾವಿಸಿದ್ದರು. ಅವರ ಗಮನಕ್ಕೆ ಬಾರದೆ ಹೋದದ್ದು ಇಷ್ಟೇ:

ಯ⁴ + 1 = (ಯ² + 1)² − 2ಯ² = (ಯ² + √2·ಯ + 1)(ಯ² − √2·ಯ + 1)

ಮೂಲ ಇಲ್ಲ ಎಂದರೆ ಒಂದನೇ ಘಾತದ ಅಪವರ್ತನ ಇಲ್ಲ ಎಂದಷ್ಟೇ ಅರ್ಥ. ವಾಸ್ತವ ಸಹಗುಣಕಗಳ ಯಾವ ಬಹುಪದವೇ ಆಗಲಿ, ಒಂದನೇ ಮತ್ತು ಎರಡನೇ ಘಾತದ ವಾಸ್ತವ ಅಪವರ್ತನಗಳಿಗೆ ಇಳಿದೇ ಇಳಿಯುತ್ತದೆ. ಪಠ್ಯದ ಕೋಷ್ಟಕದಲ್ಲಿ ಮೂರನೇ ಘಾತದ ಅಪವರ್ತನ ಇಲ್ಲದಿರುವುದಕ್ಕೆ ಕಾರಣವೂ ಇದೇ.

ನಾಲ್ಕು ಅಜ್ಞಾತಗಳೆಂದು ಹೆದರಬೇಡಿ. ಯ ಬದಲು −ಯ ಹಾಕಿದರೆ ಮೂಲ ಬದಲಾಗುವುದಿಲ್ಲ, ಆದ್ದರಿಂದ ಅಂಶಗಳು ಬ·ಯ + ಕ ಮತ್ತು −ಬ·ಯ + ಕ ಆಗಿರಲೇಬೇಕು. ಯ = 0: 2ಕ = 1. ಯ² ಸಹಗುಣಕ: 2ಕ − 2√2·ಬ = 0, ಬ = 1/(2√2). ಅನುಕಲಿಸಿದರೆ

(1/(4√2)) ಲಾಗ್[(ಯ² + √2·ಯ + 1)/(ಯ² − √2·ಯ + 1)] + (1/(2√2)) [ಟ್ಯಾನ್⁻¹(√2·ಯ + 1) + ಟ್ಯಾನ್⁻¹(√2·ಯ − 1)] + ಸ್ಥಿ

ಬಯಲುಸೀಮೆ_ಗಣಿತ
ಪ್ರವೇಶ ಪರೀಕ್ಷೆಯ ತಯಾರಿಯಲ್ಲಿ ಇದಕ್ಕೆ ಇನ್ನೊಂದು ದಾರಿ ಹೇಳಿಕೊಡುತ್ತಾರೆ: ಅಂಶ, ಛೇದ ಎರಡನ್ನೂ ಯ²ದಿಂದ ಭಾಗಿಸಿ ಯ − 1/ಯ = ಟ ಎಂದು ಆದೇಶಿಸುವುದು. (ಯ² + 1)/(ಯ⁴ + 1)ಕ್ಕೆ ಹಾಗೆ ಮಾಡಿದರೆ ಎರಡೇ ಸಾಲಿನಲ್ಲಿ (1/√2) ಟ್ಯಾನ್⁻¹((ಯ² − 1)/(√2·ಯ)) ಬರುತ್ತದೆ. ಚೆಂದದ ವಿಧಾನ. ಆದರೆ ನಿಶ್ಚಿತ ಅನುಕಲನದಲ್ಲಿ ಯ = 0 ನಡುವೆ ಬಂದರೆ ದಾರಿ ತಪ್ಪಿಸುತ್ತದೆ.

−1ರಿಂದ 1ರವರೆಗೆ ಮಾಡಿ ನೋಡಿ. ಎರಡೂ ತುದಿಗಳಲ್ಲಿ ಯ² − 1 = 0, ಉತ್ತರ 0 − 0 = 0 ಬರುತ್ತದೆ. ಫಂಕ್ಷನ್ ಎಲ್ಲ ಕಡೆ ಧನ, ವಿಸ್ತೀರ್ಣ ಸೊನ್ನೆಯಾಗುವುದು ಹೇಗೆ ಸಾಧ್ಯ? ಯ²ದಿಂದ ಭಾಗಿಸಿದಾಗಲೇ ಯ = 0 ಹೊರಗಾಯಿತು, ಆ ಬಿಂದುವಿನಲ್ಲಿ ಈ ಟ್ಯಾನ್⁻¹ ಒಂದು ಜಿಗಿತ ಹಾಕುತ್ತದೆ. 0ಯಿಂದ 1ರವರೆಗೆ ಪರಿಮಿತಿ ತೆಗೆದುಕೊಂಡು ಎರಡರಿಂದ ಗುಣಿಸಿದರೆ ಸರಿಯಾದ ಬೆಲೆ ಪೈ/√2, ಸುಮಾರು 2.221. ಆಂಶಿಕ ಭಿನ್ನರಾಶಿಯಿಂದ ಬರುವ ಎರಡು ಟ್ಯಾನ್⁻¹ಗಳ ರೂಪ ಉದ್ದವಾದರೂ ಎಲ್ಲೂ ಮುರಿಯುವುದಿಲ್ಲ.

ಹೇಮಾವತಿ_ತೀರ
ನಿಶ್ಚಿತ ಅನುಕಲನದಲ್ಲಿ ಇದಕ್ಕಿಂತಲೂ ಸಾಮಾನ್ಯವಾದ ತಪ್ಪು ಒಂದಿದೆ. 1/((ಯ − 2)(ಯ + 1)) ಅನ್ನು 0ಯಿಂದ 3ರವರೆಗೆ ಅನುಕಲಿಸಲು ಹೋದರೆ (1/3) ಲಾಗ್|(ಯ − 2)/(ಯ + 1)|ಗೆ ತುದಿಗಳನ್ನು ಹಾಕಿ −ಲಾಗ್ 2 ಎಂಬ ಅಚ್ಚುಕಟ್ಟಾದ ಉತ್ತರ ಸಿಗುತ್ತದೆ. ಅದಕ್ಕೆ ಅರ್ಥವೇ ಇಲ್ಲ. ಯ = 2 ನಡುವೆ ಇದೆ, ಅಲ್ಲಿ ಛೇದ ಸೊನ್ನೆ, ಅನುಕಲನ ಅಭಿಸರಿಸುವುದಿಲ್ಲ. ಮಾಡ್ಯುಲಸ್ ಗೆರೆ ಇರುವುದರಿಂದ ಋಣ ಸಂಖ್ಯೆಯ ಲಾಗ್ ಎಂಬ ಎಚ್ಚರಿಕೆಯೂ ಸಿಗದೆ ಹೋಗುತ್ತದೆ. ತುದಿಗಳನ್ನು ಹಾಕುವ ಮುನ್ನ ಛೇದದ ಮೂಲಗಳು ಆ ಅಂತರದಲ್ಲಿ ಇವೆಯೇ ಎಂದು ನೋಡಿ.

ಮಲಪ್ರಭೆ
ಒಡಿಯೂದಕ್ಕ ಮೊದಲ, ಒಡಿಯೂದು ಬೇಕೋ ಬ್ಯಾಡೋ ಅಂತ ಒಂದು ಕ್ಷಣ ನೋಡ್ರಿ. 1/(ಯ(ಯ⁷ + 1)) ಕೊಟ್ಟಾಗ ಯ⁷ + 1 ಒಡಿಯಾಕ ಕುಂತ್ರ ಸಂಜೀ ಆಗತೈತಿ. ಮ್ಯಾಲೆ ಯ⁷ ಕೂಡಿಸಿ ಕಳೀರಿ, 1/ಯ − ಯ⁶/(ಯ⁷ + 1) ಆತು. ಉತ್ತರ ಲಾಗ್|ಯ| − (1/7) ಲಾಗ್|ಯ⁷ + 1| + ಸ್ಥಿ.

ಬರೇ ಸಮ ಘಾತ ಇದ್ರ ಯ² ಜಾಗಾದಾಗ ಟ ಇಟ್ಟು ಒಡೀರಿ. (ಯ² + 3)/((ಯ² + 1)(ಯ² + 9)) ಅನ್ನೂದು (ಟ + 3)/((ಟ + 1)(ಟ + 9)) ಆಗತೈತಿ. ಮುಚ್ಚಿ ಬೆಲೆ ಹಾಕಿದ್ರ 1/4 ಮತ್ತ 3/4. ಇಲ್ಲೇ ನಿಂತು ಟ ತಗದು ಯ² ವಾಪಸ್ ಹಾಕ್ರಿ, ಆಮ್ಯಾಲೆ ಅನುಕಲನ: ¼ ಟ್ಯಾನ್⁻¹ ಯ + ¼ ಟ್ಯಾನ್⁻¹(ಯ/3) + ಸ್ಥಿ. ಟ ಇಟ್ಟಾಂಗ ಅನುಕಲನ ಮಾಡಿ ಲಾಗ್ ಬರಿಯೂ ಹುಡುಗರು ಭಾಳ ಮಂದಿ. ಈ ಟ ಬೀಜಗಣಿತಕ್ಕಷ್ಟ, ಡಯ ಬದಲಾಗಿಲ್ಲ.

ಬಯಲುಸೀಮೆ_ಗಣಿತ
ಭಾಗಾಕಾರದ ಹಂತವನ್ನು ಬೇಸರದ ಕೆಲಸ ಎಂದುಕೊಂಡವರಿಗೆ ಒಂದು ಲೆಕ್ಕ. 1944ರಲ್ಲಿ ಡಾಲ್ಜೆಲ್ ಪ್ರಕಟಿಸಿದ್ದು. 0ಯಿಂದ 1ರವರೆಗೆ ಯ⁴(1 − ಯ)⁴/(1 + ಯ²) ಅನುಕಲಿಸಿ. ಅಂಶದ ಘಾತ 8, ಛೇದದ್ದು 2. ಭಾಗಿಸಿದರೆ

ಯ⁶ − 4ಯ⁵ + 5ಯ⁴ − 4ಯ² + 4 − 4/(1 + ಯ²)

ಅನುಕಲಿಸಿದರೆ 1/7 − 2/3 + 1 − 4/3 + 4 − ಪೈ, ಅಂದರೆ 22/7 − ಪೈ. ಮೂಲ ಫಂಕ್ಷನ್ ಈ ಅಂತರದ ಒಳಗೆಲ್ಲ ಧನ. ಆದ್ದರಿಂದ 22/7 ಎಂಬುದು ಪೈಗಿಂತ ದೊಡ್ಡದು. ಶಾಲೆಯಲ್ಲಿ ಪೈ ಬದಲು ಬಳಸುವ 22/7 ಎಷ್ಟು ಹೆಚ್ಚು ಎಂಬುದನ್ನು ಒಂದು ಭಾಗಲಬ್ಧ ಫಂಕ್ಷನ್ನಿನ ವಿಸ್ತೀರ್ಣ ಅಳೆದು ತೋರಿಸುತ್ತದೆ. ಭಾಗಾಕಾರದ ಈ ಒಂದೇ ಸಾಲಿನಲ್ಲಿ ಅಷ್ಟು ಇದೆ ಎಂಬುದು ಎಷ್ಟು ಸಲ ನೋಡಿದರೂ ಸಂತೋಷ ಕೊಡುತ್ತದೆ.

ಪಿಯು_ದ್ವಿತೀಯ
ಎಲ್ಲರಿಗೂ ಧನ್ಯವಾದ. ಒಂದನ್ನು ಮಾಡಿ ತೋರಿಸುತ್ತೇನೆ, ನೋಡಿ ಹೇಳಿ.
1/((2ಯ − 1)(3 − ಯ)). ಸಮ ಭಿನ್ನರಾಶಿ, ಘಾತ 2, ಸ್ಥಿರಾಂಕ 2. ಯ = 1/2 ಹಾಕಿದರೆ ಅ = 2/5. ಯ = 3 ಹಾಕಿದರೆ ಬ = 1/5. ಯ = 0 ತಾಳೆ: −2/5 + 1/15 = −1/3, ಸರಿ. ಉತ್ತರ (2/5) ಲಾಗ್|2ಯ − 1| + (1/5) ಲಾಗ್|3 − ಯ| + ಸ್ಥಿ.

ಹೇಮಾವತಿ_ತೀರ
ಒಡೆದದ್ದು ಪೂರ್ತಿ ಸರಿ. ಯ = 0 ತಾಳೆ ಅನುಕಲನಕ್ಕೆ ಮೊದಲಿನ ಸಾಲನ್ನು ಮಾತ್ರ ಪರೀಕ್ಷಿಸುತ್ತದೆ. ಈಗ ಲಾಗ್‌ಗಳ ಮುಂದಿನ ಸಹಗುಣಕಗಳನ್ನು ಕೂಡಿಸಿ.

ಪಿಯು_ದ್ವಿತೀಯ
2/5 + 1/5 = 3/5. ಘಾತದ ವ್ಯತ್ಯಾಸ 2, ಸೊನ್ನೆ ಬರಬೇಕಿತ್ತು. ಗೊತ್ತಾಯಿತು: 2ಯ − 1ರಲ್ಲಿ ಯದ ಸಹಗುಣಕ 2, ಅದರಿಂದ ಭಾಗಿಸಿಲ್ಲ. 3 − ಯದಲ್ಲಿ ಸಹಗುಣಕ −1, ಚಿಹ್ನೆ ಬದಲಿಸಿಲ್ಲ. 1/5 − 1/5 = 0.

(1/5) ಲಾಗ್|(2ಯ − 1)/(3 − ಯ)| + ಸ್ಥಿ